ಓದಿನ ದಿನಗಳ ಆತಂಕ ಮತ್ತು ಖಿನ್ನತೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಹತ್ತದಿದ್ದರೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ ಅಂಗೈ ಬೆವರಿದರೆ ಅದು ಕಾಯಿಲೆಯಲ್ಲ. ಅಂಥ ಒತ್ತಡ ಪರೀಕ್ಷೆಯ ಜೊತೆಗೇ ಬಂದು ಅದರ ಜೊತೆಗೇ ಹೋಗುತ್ತದೆ. ಇಲ್ಲಿ ಹೇಳಹೊರಟಿರುವುದು ಹೋಗದೆ ಉಳಿದುಬಿಡುವ ಒತ್ತಡದ ಬಗ್ಗೆ: ಪುಸ್ತಕ ತೆರೆಯಲೂ ಬಿಡದ ಆತಂಕ, ಪುಸ್ತಕ ತೆರೆದು ಏನಾಗಬೇಕಿದೆ ಎನ್ನಿಸುವ ಖಿನ್ನತೆ.

ಎರಡೂ ಒಟ್ಟೊಟ್ಟಿಗೆ ಬರುವುದು ತೀರಾ ಸಾಮಾನ್ಯ. ಆದರೂ ಎರಡರ ದಾರಿ ಬೇರೆ. ಆತಂಕ ಇನ್ನೂ ಆಗದ್ದನ್ನು ಆಗಿಯೇ ಹೋಯಿತೆಂಬಂತೆ ತೋರಿಸುತ್ತದೆ. ಅದರಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಖಿನ್ನತೆ ಆಸೆಯನ್ನೇ ಬತ್ತಿಸುತ್ತದೆ. ಮುದುಡಿ ಮಲಗಿದಷ್ಟೂ ಗಟ್ಟಿಯಾಗುತ್ತದೆ. "ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಓದುತ್ತೇನೆ" ಎಂಬ ಲೆಕ್ಕಾಚಾರ ಎರಡರಲ್ಲೂ ಕೈಕೊಡುತ್ತದೆ. ಮೊದಲು ಕೆಲಸ, ಅದೂ ನಗು ಬರುವಷ್ಟು ಸಣ್ಣ ಕೆಲಸ. ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಕೆಳಗಿನ ಹೆಚ್ಚಿನ ಹೆಜ್ಜೆಗಳು ಇದೇ ಮಾತಿನ ಮೇಲೆ ನಿಂತಿವೆ.

ಎಲ್ಲಕ್ಕಿಂತ ಮೊದಲು

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ, ಅಥವಾ ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಎನ್ನಿಸುತ್ತಿದ್ದರೆ, ಉಳಿದದ್ದನ್ನು ಆಮೇಲೆ ಓದಿ. ಈಗ ಒಬ್ಬರೇ ಇರಬೇಡಿ. ಮನೆಯವರು, ಸ್ನೇಹಿತರು, ರೂಮ್‌ಮೇಟ್, ವಾರ್ಡನ್, ಯಾರಾದರೂ ಸರಿ, ಅವರಿದ್ದಲ್ಲಿಗೆ ಹೋಗಿ ಅಥವಾ ಅವರನ್ನು ಕರೆಸಿಕೊಳ್ಳಿ. ಹೇಳಲು ಮಾತು ಹೊಳೆಯದಿದ್ದರೆ ಇಷ್ಟು ಸಾಕು: "ನನಗೆ ಸಾಯೋ ಯೋಚನೆ ಬರ್ತಿದೆ, ಸ್ವಲ್ಪ ಹೊತ್ತು ನನ್ನ ಜೊತೆ ಇರು." ಹಾನಿ ಮಾಡಿಕೊಳ್ಳಬಹುದಾದ ವಸ್ತು ಏನೇ ಇದ್ದರೂ ಅದನ್ನು ಅವರ ಕೈಗೆ ಕೊಟ್ಟುಬಿಡಿ, ಇಲ್ಲವೇ ನೀವೇ ಆ ಜಾಗ ಬಿಟ್ಟು ಬನ್ನಿ. ಸಾಯುವ ತುಡಿತ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟುಕದ ದೂರದಲ್ಲಿದ್ದರೆ ಜೀವ ಉಳಿಯುತ್ತದೆ. ನೀವಿರುವ ಕಡೆಯ ಮಾನಸಿಕ ಆರೋಗ್ಯ ಸಹಾಯವಾಣಿ ಮತ್ತು ತುರ್ತು ಸೇವೆಯ ಸಂಖ್ಯೆಗಳನ್ನು ಇವತ್ತೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ತಡೆದುಕೊಳ್ಳಲಾಗದು ಎನ್ನಿಸಿದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬಹುದು. ಎದೆನೋವಿಗೆ ಹೋದಷ್ಟೇ ಸಹಜ ಅದು.

ಸ್ನೇಹಿತರೊಬ್ಬರ ಬಗ್ಗೆ ಅನುಮಾನವಿದ್ದರೆ ನೇರವಾಗಿ ಕೇಳಿ: "ಸಾಯ್ಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಸುಳ್ಳು. ಕೇಳಿಸಿಕೊಂಡವರಿಗೆ ಹೆಚ್ಚಿನ ಸಲ ಹಗುರವೇ ಆಗುತ್ತದೆ. ಹೌದು ಎಂದರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಹಿರಿಯರೊಬ್ಬರಿಗೆ ತಿಳಿಸಿ.

ಎಷ್ಟು ಹೆಚ್ಚಾದರೆ ಹೆಚ್ಚು?

ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಮುಂದುವರಿದಿದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ, ಶಕ್ತಿ ಕೆಟ್ಟಿದ್ದರೆ ಅದನ್ನು ಖಿನ್ನತೆ ಇರಬಹುದೆಂದೇ ನೋಡಬೇಕು. ಯುವಕರಲ್ಲಿ ಇದು ಅಳುವಿಗಿಂತ ಸಿಡುಕಾಗಿಯೂ ಕಾಣಿಸಬಹುದು. ಇಷ್ಟದ ಆಟ, ಹಾಡು, ಹರಟೆ ಎಲ್ಲವೂ ಸಪ್ಪೆಯಾಗುವುದು ಬಹಳ ನಂಬಬಹುದಾದ ಗುರುತು. ಬರೀ ಓದು ಬೇಸರವಾಗಿ ಉಳಿದೆಲ್ಲ ಚೆನ್ನಾಗಿಯೇ ಇದ್ದರೆ ಅದು ಬಹುಶಃ ದಣಿವು ಅಥವಾ ವಿಷಯದ ಮೇಲಿನ ಬೇಸರ.

ಅಳೆಯಲು ವೈದ್ಯರೂ ಬಳಸುವ ಎರಡು ಚಿಕ್ಕ ಪ್ರಶ್ನಾವಳಿಗಳಿವೆ. ಖಿನ್ನತೆಗೆ ಪಿಎಚ್‌ಕ್ಯೂ-9: ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಆತಂಕಕ್ಕೆ ಜಿಎಡಿ-7: ಏಳು ಪ್ರಶ್ನೆ, ಒಟ್ಟು 21. ಎರಡೂ ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತವೆ. ಎರಡರಲ್ಲೂ 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ. 10 ಅಥವಾ ಹೆಚ್ಚು ಬಂದರೆ ಪರಿಣತರನ್ನು ಕಾಣುವುದು ಸರಿ. 15 ಅಥವಾ ಅದಕ್ಕಿಂತ ಮೇಲಿದ್ದರೆ ಈ ಬರಹದಲ್ಲಿನ ಹೆಜ್ಜೆಗಳನ್ನಷ್ಟೇ ನಂಬಿ ಕೂರಬೇಡಿ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೆ ಯಾವ ಅಂಕ ಬಂದರೂ ಒಟ್ಟು ಎಷ್ಟೇ ಕಡಿಮೆಯಿರಲಿ ಯಾರಿಗಾದರೂ ಹೇಳಿ. ಇವು ಕಾಯಿಲೆ ಇದೆ ಎಂದು ತೀರ್ಪು ಕೊಡುವ ಪರೀಕ್ಷೆಗಳಲ್ಲ, ಜ್ವರದ ಮಟ್ಟ ತಿಳಿಸುವ ಬಗೆಯವು. ದಿನಾ ತುಂಬಬೇಡಿ, ಎರಡು ವಾರಕ್ಕೊಮ್ಮೆ ಸಾಕು. ದಿನಾ ಅಳೆಯುವುದೇ ಒಂದು ಹೊಸ ಆತಂಕವಾಗುತ್ತದೆ.

ಗಾಬರಿ ಒಮ್ಮೆಲೇ ಏರಿದಾಗ

ಎದೆ ಡವಡವ, ಉಸಿರು ಸಾಲದ ಹಾಗೆ, ಬೆರಳ ತುದಿ ಜುಮ್ಮೆನ್ನುವುದು, ತಲೆ ತಿರುಗು, ಈಗಲೇ ಏನೋ ಆಗಿಬಿಡುತ್ತದೆ ಎಂಬ ಭಯ. ಇದೇ ಪ್ಯಾನಿಕ್ ಅಟ್ಯಾಕ್. ಅದು ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ, ನೀವು ಏನೂ ಮಾಡದಿದ್ದರೂ.

ಈ ಹೊತ್ತಿನಲ್ಲಿ ಸುತ್ತಲಿನವರು ಕೊಡುವ ಸಲಹೆ "ಜೋರಾಗಿ ಉಸಿರು ಎಳ್ಕೋ". ಅದೇ ತಪ್ಪು. ಗಾಬರಿಯಲ್ಲಿ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತೇವೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ಅದರಿಂದಲೇ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಇನ್ನೂ ದೊಡ್ಡ ಉಸಿರು ಎಳೆದರೆ ಅದೆಲ್ಲ ಹೆಚ್ಚುತ್ತದೆ. ಬೇಕಿರುವುದು ಸಣ್ಣ, ನಿಧಾನದ ಉಸಿರು:

1. ಇರುವ ಉಸಿರನ್ನು ಮೊದಲು ಹೊರಬಿಡಿ.
2. ಮೂಗಿನಿಂದ ಮೆಲ್ಲಗೆ 4 ಎಣಿಸುವಷ್ಟು ಒಳಗೆ. ಎದೆ ಉಬ್ಬಬೇಕಿಲ್ಲ, ಹೊಟ್ಟೆ ಸ್ವಲ್ಪ ಮೇಲೆದ್ದರೆ ಸಾಕು.
3. ತುಟಿ ತುಸು ಕೂಡಿಸಿ 6 ಎಣಿಸುವಷ್ಟು ಹೊರಗೆ.
4. ಹೀಗೆ ನಿಮಿಷಕ್ಕೆ 6 ಉಸಿರು, 5 ನಿಮಿಷ.

ನಾಲ್ಕು-ಆರು ಕಷ್ಟವಾದರೆ ಮೂರು-ನಾಲ್ಕು ಮಾಡಿ. ಹೊರಗಿನ ಉಸಿರು ಉದ್ದವಾಗಿರಬೇಕು ಎಂಬುದೊಂದೇ ನಿಯಮ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ನಿಧಾನವಾಗುತ್ತದೆ. ಕಾಗದದ ಚೀಲಕ್ಕೆ ಉಸಿರು ಬಿಡುವ ಹಳೆಯ ಉಪಾಯ ಬೇಡ. ಆಸ್ತಮಾ ಅಥವಾ ಹೃದಯದ ತೊಂದರೆಯನ್ನೇ ಗಾಬರಿ ಎಂದುಕೊಂಡಿದ್ದರೆ ಅದು ಅಪಾಯಕಾರಿ.

ಈ ಉಸಿರಾಟ ಕೆಲಸಕ್ಕೆ ಬರಲಿಲ್ಲ ಎನ್ನುವವರು ಹೆಚ್ಚಾಗಿ ಅದನ್ನು ಮೊದಲ ಸಲ ಮಾಡಿದ್ದೇ ಗಾಬರಿಯ ನಡುವೆ. ಆರಾಮಾಗಿರುವಾಗ ದಿನಕ್ಕೆ ಎರಡು ಸಲ, ಐದೈದು ನಿಮಿಷ, ಎರಡು ವಾರ ಅಭ್ಯಾಸ ಮಾಡಿದರೆ ಬೇಕಾದಾಗ ಮೈ ತಾನಾಗಿ ಹಿಡಿದುಕೊಳ್ಳುತ್ತದೆ. ಉಸಿರಿನ ಮೇಲೆ ಗಮನ ಇಟ್ಟಷ್ಟೂ ಗಾಬರಿ ಹೆಚ್ಚುವವರೂ ಇದ್ದಾರೆ. ಅವರು ಗಮನವನ್ನು ಹೊರಗೆ ಒಯ್ಯಲಿ: ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ, ಒಂದೊಂದನ್ನೂ ಹೆಸರಿಟ್ಟು ಹೇಳಿಕೊಳ್ಳುತ್ತಾ.

ಮೊದಲ ಸಲ ಹೀಗಾದಾಗ ಒಮ್ಮೆ ವೈದ್ಯರಿಗೆ ತೋರಿಸಿ. ಮೆಟ್ಟಿಲು ಹತ್ತುವಾಗ ಎದೆನೋವು, ತೋಳಿಗೋ ದವಡೆಗೋ ಹರಡುವ ನೋವು, ಪ್ರಜ್ಞೆ ತಪ್ಪುವುದು ಇದ್ದರೆ ಅದನ್ನು ಟೆನ್ಷನ್ ಎಂದು ತಳ್ಳಿಹಾಕಬಾರದು.

ಚಿಂತೆಗೊಂದು ಹೊತ್ತು

ದಿನವಿಡೀ ಹಿನ್ನೆಲೆಯಲ್ಲಿ ಕೊರೆಯುವ ಚಿಂತೆಗೆ "ಚಿಂತೆ ಮಾಡಬೇಡ" ಎಂಬ ಮಾತಿನಿಂದ ಉಪಯೋಗವಿಲ್ಲ. ತಡೆದಷ್ಟೂ ಅದು ಮರಳಿ ಬರುತ್ತದೆ. ಮುಂದೂಡುವುದು ಮಾತ್ರ ಸಾಧ್ಯ. ದಿನಾ ಒಂದೇ ಹೊತ್ತು, ಒಂದೇ ಜಾಗ, 20 ನಿಮಿಷ ಚಿಂತೆಗೆಂದೇ ಮೀಸಲಿಡಿ. ಸಂಜೆ ಒಳ್ಳೆಯದು, ಮಲಗುವ ಹೊತ್ತಿಗೆ ಹತ್ತಿರ ಬೇಡ, ಹಾಸಿಗೆಯ ಮೇಲಂತೂ ಬೇಡವೇ ಬೇಡ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಒಂದು ಸಾಲು ಗೀಚಿ ಕೈಲಿದ್ದ ಕೆಲಸಕ್ಕೆ ಮರಳಿ.

ಆ 20 ನಿಮಿಷದಲ್ಲಿ ಚೀಟಿ ತೆಗೆದು ಒಂದೊಂದಕ್ಕೂ ಒಂದೇ ಪ್ರಶ್ನೆ: ಇದಕ್ಕೆ ನಾನು ಮಾಡಬಹುದಾದ್ದು ಏನಾದರೂ ಇದೆಯೇ? "ರೆಕಾರ್ಡ್ ಬುಕ್ ಬರೆದಿಲ್ಲ" ಎಂಬುದಕ್ಕೆ ಇದೆ. ಅದನ್ನು ನಾಳೆಯ ಪಟ್ಟಿಗೆ ಹಾಕಿ, ಯಾವ ಹೊತ್ತಿಗೆ ಎಂದೂ ಬರೆಯಿರಿ. "ಪ್ರಶ್ನೆಪತ್ರಿಕೆ ಕಷ್ಟ ಬಂದರೆ" ಎಂಬುದಕ್ಕೆ ಇಲ್ಲ. ಓದಿ, ಅಡ್ಡಗೆರೆ ಎಳೆದು ಬಿಡಿ. ಸಂಜೆಯಾಗುವಷ್ಟರಲ್ಲಿ ಬೆಳಗಿನ ಚಿಂತೆಗಳಲ್ಲಿ ಎಷ್ಟೋ ತಾವಾಗಿಯೇ ಪೇಲವವಾಗಿರುತ್ತವೆ. ಮೊದಲ ವಾರ ಮನಸ್ಸು ಈ ಒಪ್ಪಂದಕ್ಕೆ ಬಗ್ಗುವುದಿಲ್ಲ. ಎರಡನೇ ವಾರ ನೋಡಿ.

ಓದಲು ಕೂರಲಾಗದಿದ್ದಾಗ

ಇದನ್ನು ಸೋಮಾರಿತನ ಎಂದು ಕರೆದು ಮುಗಿಸಿಬಿಡುವುದೇ ಹೆಚ್ಚು. ನಿಜಕ್ಕೂ ಆಗುವುದು ಇದು: ಪುಸ್ತಕ ನೋಡಿದೊಡನೆ ಎದೆ ಬಿಗಿಯುತ್ತದೆ. ಮೊಬೈಲ್ ಕೈಗೆತ್ತಿಕೊಂಡರೆ ಬಿಗಿತ ತಕ್ಷಣ ಸಡಿಲವಾಗುತ್ತದೆ. ಆ ಸಡಿಲವೇ ಬಹುಮಾನ. ಮುಂದಿನ ಸಲ ಮಿದುಳು ಇನ್ನೂ ಬೇಗ ಮೊಬೈಲ್ ಕಡೆ ತಿರುಗುತ್ತದೆ, ಅಷ್ಟರಲ್ಲಿ ಓದದೆ ಉಳಿದ ಪಾಠ ಬೆಳೆದಿರುತ್ತದೆ, ಪುಸ್ತಕ ಮೊದಲಿಗಿಂತ ಭಯ ಹುಟ್ಟಿಸುತ್ತದೆ. ಈ ಸುತ್ತನ್ನು ಇಚ್ಛಾಶಕ್ತಿಯಿಂದ ಮುರಿಯಲು ಹೋದರೆ ಎರಡು ದಿನ ನಡೆಯುತ್ತದೆ. ಮೊದಲ ಹೆಜ್ಜೆಯನ್ನು ಭಯ ಹುಟ್ಟದಷ್ಟು ಕಿರಿದು ಮಾಡಿದರೆ ಮುರಿಯುತ್ತದೆ.

"ಇವತ್ತು ರಸಾಯನಶಾಸ್ತ್ರ" ಎಂಬುದು ಕೆಲಸವಲ್ಲ, ಬೆದರಿಕೆ. "ಮೂರನೇ ಅಧ್ಯಾಯ, ಮೊದಲ ಎರಡು ಪುಟ, ಮೇಜಿನ ಮೇಲೆ, ಸಂಜೆ 5ಕ್ಕೆ" ಎಂಬುದು ಕೆಲಸ. ಅದೂ ಭಾರವೆನಿಸಿದರೆ ಐದೇ ನಿಮಿಷಕ್ಕೆ ಟೈಮರ್ ಇಡಿ. ಐದು ಮುಗಿದಾಗ ಎದ್ದುಹೋಗುವ ಹಕ್ಕು ನಿಮ್ಮದು, ನಿಜವಾಗಿಯೂ. ಆ ಹಕ್ಕು ನಾಟಕವಾದರೆ ಮನಸ್ಸಿಗೆ ಮೋಸ ತಿಳಿಯುತ್ತದೆ, ಮರುದಿನ ಕೂರುವುದಿಲ್ಲ. ಹೆಚ್ಚಿನ ದಿನ ಕೂತವರು ಮುಂದುವರಿಸುತ್ತಾರೆ, ಏಕೆಂದರೆ ಭಯವಿದ್ದದ್ದು ಶುರುವಿನಲ್ಲಿ. ಒಂದು ವಾರದ ನಂತರ 25 ನಿಮಿಷ ಓದು, 5 ನಿಮಿಷ ಬಿಡುವಿಗೆ ಏರಿಸಿ. ಬಿಡುವಿನಲ್ಲಿ ಎದ್ದು ನಡೆಯಿರಿ, ನೀರು ಕುಡಿಯಿರಿ. ಮೊಬೈಲ್ ಹಿಡಿದರೆ ಆ ಐದು ನಿಮಿಷ ಎಲ್ಲಿ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಅದು ಬೇರೆ ಕೋಣೆಯಲ್ಲಿರಲಿ. ಉಲ್ಟಾ ಮಾಡಿ ಮೇಜಿನ ಮೇಲಿಟ್ಟರೆ ಸಾಲದು.

ಓದುವ ರೀತಿಗೂ ಆತಂಕಕ್ಕೂ ಹತ್ತಿರದ ನಂಟಿದೆ. ಮತ್ತೆ ಮತ್ತೆ ಓದಿ ಗೆರೆ ಹಾಕುತ್ತಿದ್ದರೆ ಎಲ್ಲ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ, ಪರೀಕ್ಷೆಯಲ್ಲಿ ಅದು ಒಡೆಯುತ್ತದೆ, ಮುಂದಿನ ಪರೀಕ್ಷೆಗೆ ಭಯ ಇಮ್ಮಡಿಯಾಗುತ್ತದೆ. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡುವುದು ಹೆಚ್ಚು ಕಾಲ ಉಳಿಯುತ್ತದೆ ಎಂದು ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಒಂದು ಪುಟ ಓದಿ, ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದು ಬರೆದು, ತೆರೆದು ತಾಳೆ ನೋಡಿ. ಅದನ್ನೇ ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ ಮಾಡಿ. ಮೊದಲಲ್ಲಿ ಕಸಿವಿಸಿಯಾಗುತ್ತದೆ, ಏಕೆಂದರೆ ಗೊತ್ತಿಲ್ಲದ್ದು ಎದುರಿಗೆ ಬರುತ್ತದೆ. ಪರೀಕ್ಷೆಯ ಭಯಕ್ಕೆ ದಿನಾ ಸಣ್ಣ ಪ್ರಮಾಣದಲ್ಲಿ ಮುಖಾಮುಖಿಯಾಗುವುದೂ ಇದೇ.

ಬಾಕಿ ಬಹಳ ಉಳಿದಿದ್ದು ದಿನ ಕಡಿಮೆಯಿದ್ದರೆ ಇಡೀ ಸಿಲಬಸ್ ಮುಗಿಸುವ ಯೋಜನೆ ಹಾಕಬೇಡಿ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ಮತ್ತೆ ಮತ್ತೆ ಬಂದಿರುವ ಭಾಗಗಳನ್ನು ಗುರುತಿಸಿ, ಅವನ್ನು ಗಟ್ಟಿ ಮಾಡಿ, ಕೆಲವನ್ನು ತಿಳಿದೇ ಕೈಬಿಡಿ. ವಾರದಲ್ಲಿ ಅರ್ಧ ದಿನ ಖಾಲಿ ಬಿಡಿ, ಹಿಂದೆ ಬಿದ್ದದ್ದನ್ನು ತುಂಬಲು. ಅಂಥ ಖಾಲಿ ಇಲ್ಲದ ವೇಳಾಪಟ್ಟಿ ಮೂರನೇ ದಿನಕ್ಕೆ ಮುರಿಯುತ್ತದೆ, ಮುರಿದ ಪಟ್ಟಿ "ನನ್ನಿಂದ ಆಗಲ್ಲ" ಎಂಬುದಕ್ಕೆ ಇನ್ನೊಂದು ಸಾಕ್ಷಿಯಾಗುತ್ತದೆ.

ಖಿನ್ನತೆಯಲ್ಲಿ ದಿನ ಕಟ್ಟುವುದು

ಇಷ್ಟವಾದಾಗ ಮಾಡುತ್ತೇನೆ ಎಂದರೆ ಖಿನ್ನತೆಯಲ್ಲಿ ಆ ಇಷ್ಟ ಬರುವುದೇ ಇಲ್ಲ. ಅದಕ್ಕೇ ಚಿಕಿತ್ಸಕರು ಕೆಲಸವನ್ನು ಮನಸ್ಥಿತಿಗೆ ಕಟ್ಟದೆ ಗಡಿಯಾರಕ್ಕೆ ಕಟ್ಟುತ್ತಾರೆ. ಮಾಡುವ ಬಗೆ ಹೀಗಿದೆ.

ಮೊದಲ ನಾಲ್ಕೈದು ದಿನ ಏನನ್ನೂ ಬದಲಿಸದೆ, ಗಂಟೆಗೊಮ್ಮೆ ಏನು ಮಾಡುತ್ತಿದ್ದಿರಿ, ಮನಸ್ಸು 10ಕ್ಕೆ ಎಷ್ಟಿತ್ತು ಎಂದಷ್ಟೇ ಬರೆಯಿರಿ. ದಿನವಿಡೀ ಒಂದೇ ಸಮ ಕೆಟ್ಟದಾಗಿತ್ತು ಎನ್ನಿಸಿದ್ದರೂ ಹಾಳೆಯಲ್ಲಿ 2ರ ನಡುವೆ ಕೆಲವು 4 ಕಾಣುತ್ತವೆ. ಆ ನಾಲ್ಕುಗಳು ಯಾವಾಗ ಬಂದವು ಎಂದು ನೋಡಿ. ಸ್ನಾನದ ನಂತರವೇ? ಯಾರಾದರೂ ಮಾತಾಡಿಸಿದಾಗಲೇ? ಬಿಸಿಲಿಗೆ ಹೋದಾಗಲೇ? ಎರಡನೇ ವಾರದಿಂದ ದಿನಕ್ಕೆ ಮೂರು ಸಂಗತಿಗಳನ್ನು ಹೊತ್ತು ಗೊತ್ತುಮಾಡಿ ಬರೆಯಿರಿ: ಮುಗಿಸಿದೆ ಎನ್ನಿಸುವಂಥದ್ದು ಒಂದು (ಹಾಸಿಗೆ ಮಡಚುವುದು, ಒಂದು ಲೆಕ್ಕ ಬಿಡಿಸುವುದು), ಹಿಂದೆ ಖುಷಿ ಕೊಡುತ್ತಿದ್ದದ್ದು ಒಂದು, ಇನ್ನೊಬ್ಬರೊಡನೆ ಮಾಡುವಂಥದ್ದು ಒಂದು. ಒಂದೊಂದೂ 10ರಿಂದ 15 ನಿಮಿಷ ಮೀರಬಾರದು.

ಮಾಡುವಾಗ ಖುಷಿಯಾಗದಿರುವುದು ನಿರೀಕ್ಷಿತ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ, "ಮಾಡಿದೆ, ಏನೂ ಅನ್ನಿಸಲಿಲ್ಲ" ಎಂದು. ಖುಷಿ ತಡವಾಗಿ ಬರುತ್ತದೆ, ವಾರಗಳ ಲೆಕ್ಕದಲ್ಲಿ. ಆ ತನಕ ಮಾಡಿದಿರೋ ಇಲ್ಲವೋ ಎಂಬುದನ್ನಷ್ಟೇ ಗುರುತು ಹಾಕಿ. ಎಲ್ಲ ತಪ್ಪಿಹೋದ ದಿನ ಮೂರನ್ನೂ ಅರ್ಧಕ್ಕಿಳಿಸಿ ಮರುದಿನ ಶುರು ಮಾಡಿ. ಬಾಕಿ ತೀರಿಸಲು ಆರು ಮಾಡಹೋಗಬೇಡಿ.

ನಡಿಗೆಗೆ ಇಲ್ಲಿ ಬೇರೆಯೇ ತೂಕವಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ, ಅಂದರೆ ಐದು ದಿನ 30 ನಿಮಿಷದ ಬಿರುಸು ನಡಿಗೆ. ಖಿನ್ನತೆಯಲ್ಲಿರುವವರಿಗೆ ಆ ಅಂಕಿ ಕೇಳಿದರೇ ಸುಸ್ತು. ಬಾಗಿಲಿಗೆ ಹೋಗಿ ಬರುವುದರಿಂದ ಶುರುವಾಗಲಿ, ಆದರೆ ಬೆಳಗಿನ ಬೆಳಕಿನಲ್ಲಿ ಆಗಲಿ. ಅದೇ ರಾತ್ರಿಯ ನಿದ್ದೆಯನ್ನೂ ಹದಕ್ಕೆ ತರುತ್ತದೆ.

ನಿದ್ದೆ

ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲಾಗದಿದ್ದರೆ ಏಳುವ ಹೊತ್ತನ್ನು ಮಾತ್ರ ಹಿಡಿದುಕೊಳ್ಳಿ. ಎಷ್ಟಕ್ಕೇ ಮಲಗಿ, ಏಳುವುದು ಒಂದೇ ಹೊತ್ತಿಗೆ, ರಜೆಯಲ್ಲೂ. ಮಲಗುವ ಹೊತ್ತು ನಮ್ಮ ಮಾತು ಕೇಳುವುದಿಲ್ಲ, ಏಳುವ ಹೊತ್ತು ಕೇಳುತ್ತದೆ. ಅಂದಾಜು 20 ನಿಮಿಷ ಕಳೆದರೂ ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆಯಾದದ್ದು ಮಾಡಿ, ಕಣ್ಣು ಎಳೆದಾಗ ಮರಳಿ. ಗಡಿಯಾರ ನೋಡಬೇಡಿ. ಹಾಸಿಗೆಯ ಮೇಲೆ ಓದುವ ಅಭ್ಯಾಸವಿದ್ದರೆ ಬಿಡಬೇಕು. ಇಲ್ಲದಿದ್ದರೆ ಮೈ ಹಾಸಿಗೆಯನ್ನು ಪರೀಕ್ಷೆಯ ಜಾಗವೆಂದೇ ಕಲಿತುಬಿಡುತ್ತದೆ.

ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ರಕ್ತದಲ್ಲಿರುತ್ತದೆ. ಆತಂಕ ಇರುವವರಲ್ಲಿ ಅದು ಎದೆಬಡಿತ, ಕೈ ನಡುಕ ತರುತ್ತದೆ, ಆ ಎದೆಬಡಿತವನ್ನೇ ಮನಸ್ಸು ಅಪಾಯವೆಂದು ಓದಿಕೊಳ್ಳುತ್ತದೆ. ಮಧ್ಯಾಹ್ನದ ನಂತರ ನಿಲ್ಲಿಸಿ, ಎನರ್ಜಿ ಡ್ರಿಂಕ್ ಪೂರ್ತಿ ಬಿಡಿ. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರಬಹುದು, ದಿನಕ್ಕಿಷ್ಟು ಎಂದು ಇಳಿಸಿ. ಮದ್ಯ ಬೇಗ ಮಂಪರು ತರುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆ ಒಡೆಯುತ್ತದೆ, ಮರುದಿನದ ಆತಂಕ, ಕುಗ್ಗು ಹೆಚ್ಚುತ್ತದೆ. ರಾತ್ರಿಯೆಲ್ಲ ಎಚ್ಚರಿದ್ದು ಓದಿದ್ದು ಗಳಿಕೆಯಲ್ಲ: ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ.

ತಲೆಯೊಳಗಿನ ತೀರ್ಪುಗಳು

"ಒಂದು ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂತು, ನಾನು ಯಾವುದಕ್ಕೂ ಲಾಯಕ್ಕಿಲ್ಲ." ಇಂಥ ವಾಕ್ಯಕ್ಕೆ ಎದುರಾಗಿ "ನಾನು ಗೆದ್ದೇ ಗೆಲ್ಲುತ್ತೇನೆ" ಎಂದು ಹೇಳಿಕೊಂಡರೆ ಮನಸ್ಸು ನಂಬುವುದಿಲ್ಲ. ನಂಬಲಾಗುವ ವಾಕ್ಯ ಬೇಕು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನಾಯಿತು, ತಲೆಗೆ ಏನು ಬಂತು, ಅದಕ್ಕೆ ಪುರಾವೆ ಏನು ಮತ್ತು ಅದಕ್ಕೆ ವಿರುದ್ಧ ಏನು, ಎರಡನ್ನೂ ಸೇರಿಸಿ ನ್ಯಾಯವಾಗಿ ಹೇಳಿದರೆ ಏನು. ಕೊನೆಯ ಕಾಲಂ ಹೀಗಿರಬಹುದು: "ಈ ವಿಷಯದಲ್ಲಿ ಎರಡು ಅಧ್ಯಾಯ ಓದಿರಲಿಲ್ಲ, ಅಲ್ಲೇ ಅಂಕ ಹೋಯಿತು. ಉಳಿದೆರಡು ವಿಷಯ ಪಾಸಾಗಿದೆ." ಇದರಲ್ಲಿ ಸ್ಫೂರ್ತಿ ಏನೂ ಇಲ್ಲ, ನಿಜ ಇದೆ. ಬರೆಯಲೇಬೇಕು, ತಲೆಯಲ್ಲೇ ವಾದ ಮಾಡಿದರೆ ಅದು ಇನ್ನೊಂದು ಸುತ್ತು ಚಿಂತೆಯಾಗಿ ಮುಗಿಯುತ್ತದೆ. ತೀರಾ ಕುಗ್ಗಿರುವ ದಿನ ಇದನ್ನು ಮಾಡಬೇಡಿ, ಅಂದು ಮೂರನೇ ಕಾಲಂನಲ್ಲಿ ನಿಮ್ಮ ವಿರುದ್ಧದ ಪುರಾವೆ ಮಾತ್ರ ಕಾಣುತ್ತದೆ. ಅಂಥ ದಿನ ನಡಿಗೆಯೇ ಮೇಲು.

ಪರೀಕ್ಷೆಯ ಕೊಠಡಿಯಲ್ಲಿ

ಎಲ್ಲ ಬರುತ್ತಿತ್ತು, ಕೂತಾಗ ಖಾಲಿಯಾಯಿತು ಎನ್ನುವುದಕ್ಕೆ ಕಾರಣವಿದೆ. ಲೆಕ್ಕ ಬಿಡಿಸಲು ಬೇಕಾದ ತತ್ಕಾಲದ ನೆನಪಿನ ಜಾಗವನ್ನು ಚಿಂತೆ ಆಕ್ರಮಿಸಿರುತ್ತದೆ. ಪರೀಕ್ಷೆಗೆ ತುಸು ಮುಂಚೆ 10 ನಿಮಿಷ ಭಯವನ್ನೆಲ್ಲ ಹಾಳೆಯ ಮೇಲೆ ಬರೆದುಬಿಡುವುದರಿಂದ ಹೆಚ್ಚು ಆತಂಕವಿದ್ದವರ ಅಂಕ ಸುಧಾರಿಸಿತೆಂದು 2011ರಲ್ಲಿ ಸಂಶೋಧಕರಾದ ರಮಿರೆಜ್ ಮತ್ತು ಬೈಲಾಕ್ ಪ್ರಕಟಿಸಿದರು. ಎಲ್ಲರಿಗೂ ಹೊಂದುತ್ತದೆಂದಿಲ್ಲ; ಮಾದರಿ ಪರೀಕ್ಷೆಯಲ್ಲಿ ಮೊದಲು ಮಾಡಿ ನೋಡಿ. ಬಾಗಿಲ ಬಳಿ "ಅದು ಓದಿದ್ಯಾ, ಇದು ಓದಿದ್ಯಾ" ಎನ್ನುವ ಗುಂಪಿನಿಂದ ದೂರ ನಿಲ್ಲಿ. ಪತ್ರಿಕೆ ಬಂದಾಗ ಮೊದಲ ಎರಡು ನಿಮಿಷ ಓದಿ, ಖಚಿತವಾಗಿ ಬರುವುದನ್ನೇ ಮೊದಲು ಬರೆಯಿರಿ. ಖಾಲಿಯಾದರೆ ಪೆನ್ನು ಕೆಳಗಿಟ್ಟು, ಪಾದ ನೆಲಕ್ಕೆ ಒತ್ತಿ, ಆರು ನಿಧಾನ ಉಸಿರು: ಒಂದು ನಿಮಿಷ. ಆ ನಿಮಿಷಕ್ಕೆ ಹೆದರಿ ಮುಂದಿನ ಇಪ್ಪತ್ತು ಕಳೆಯುವವರೇ ಹೆಚ್ಚು.

ಹೇಳಿಕೊಳ್ಳುವುದು

ಮನೆಯಲ್ಲಿ "ಡಿಪ್ರೆಶನ್" ಎಂದೊಡನೆ ಗಾಬರಿಯೋ ಬೈಗುಳವೋ ಎದುರಾಗಬಹುದು. ಹೆಸರಿನ ಬದಲು ಲಕ್ಷಣ ಹೇಳಿ: "ಅಮ್ಮ, ಮೂರು ವಾರದಿಂದ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಓದಿದ್ದು ತಲೆಗೆ ಹೋಗ್ತಿಲ್ಲ. ಡಾಕ್ಟರ್ ಹತ್ರ ಹೋಗೋಣ." ಬೇಕಾದದ್ದು ಏನೆಂದೂ ಸ್ಪಷ್ಟವಾಗಿರಲಿ, ಬರೀ ಸಂಕಟ ಹೇಳಿದರೆ ಕೇಳಿದವರು ಉಪದೇಶಕ್ಕೆ ಇಳಿಯುತ್ತಾರೆ. ಮನೆಯಲ್ಲಿ ಆಗದಿದ್ದರೆ ಕಾಲೇಜಿನ ಕೌನ್ಸೆಲರ್, ನಂಬುವ ಮೇಷ್ಟ್ರು, ದೊಡ್ಡ ಸಂಬಂಧಿಕರು. ಒಬ್ಬರು ತಳ್ಳಿಹಾಕಿದರೆ ಅದು ಆ ಒಬ್ಬರ ಉತ್ತರ, ಮತ್ತೊಬ್ಬರನ್ನು ಕೇಳಿ.

ಅಧ್ಯಾಪಕರಿಗೆ ಬರೆಯುವಾಗ ಗಡುವು ಮುಗಿಯುವ ಮುಂಚೆ ಬರೆಯಿರಿ, ನಾಲ್ಕು ಸಾಲು ಸಾಕು: "ಸರ್, ಆರೋಗ್ಯದ ತೊಂದರೆಯಿಂದ ಅಸೈನ್‌ಮೆಂಟ್ ಪೂರ್ತಿಯಾಗಿಲ್ಲ. ಅರ್ಧ ಮುಗಿದಿದೆ, ಲಗತ್ತಿಸಿದ್ದೇನೆ. ಐದು ದಿನ ಹೆಚ್ಚು ಸಮಯ ಕೊಡಲು ಸಾಧ್ಯವೇ? ವೈದ್ಯರ ಪತ್ರ ಬೇಕಿದ್ದರೆ ತರುತ್ತೇನೆ." ಇಡೀ ಕಥೆ ಹೇಳಬೇಕಾಗಿಲ್ಲ.

ವೈದ್ಯರು, ಚಿಕಿತ್ಸೆ, ಮಾತ್ರೆ

ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ. ಮನೋವೈದ್ಯರು ವೈದ್ಯಕೀಯ ಓದಿದವರು, ಮಾತ್ರೆ ಬರೆಯಬಲ್ಲರು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಮಾಮೂಲಿ ವೈದ್ಯರ ಹತ್ತಿರವೇ ಹೋಗಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ ಕೂಡ ಸುಸ್ತು, ಕುಗ್ಗುಗಳನ್ನು ತರಬಲ್ಲವು, ರಕ್ತ ಪರೀಕ್ಷೆಯಲ್ಲಿ ಅವು ತಿಳಿಯುತ್ತವೆ. ಹೋಗುವಾಗ ಒಂದು ಹಾಳೆಯಲ್ಲಿ ಬರೆದೊಯ್ಯಿರಿ: ಯಾವಾಗಿನಿಂದ, ನಿದ್ದೆ ಎಷ್ಟು, ತೂಕ ಹೆಚ್ಚಿತೇ ಇಳಿಯಿತೇ, ಸಾವಿನ ಯೋಚನೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಮನೆಯಲ್ಲಿ ಯಾರಿಗಾದರೂ ಇತ್ತೇ. ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯೇ ಬೇಡವಾಗಿ, ಉತ್ಸಾಹ ಉಕ್ಕಿ, ಮಾತು-ಖರ್ಚು ಮಿತಿಮೀರಿದ್ದು ಇದ್ದರೆ ತಪ್ಪದೆ ಹೇಳಿ. ಅದು ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆ ಇರಬಹುದು, ಅದರ ಮದ್ದು ಬೇರೆ.

ಯೋಚನೆ, ನಡವಳಿಕೆ ತಿದ್ದುವ ಸಿಬಿಟಿ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ತಿಂಗಳು ನಡೆಯುತ್ತದೆ, ಮನೆಗೆಲಸವೂ ಇರುತ್ತದೆ. ಮೂರು ನಾಲ್ಕು ಭೇಟಿಯಾದರೂ ಮಾತು ಹೊಂದುತ್ತಿಲ್ಲವೆನಿಸಿದರೆ ಅದನ್ನು ಅವರಿಗೇ ಹೇಳಬಹುದು, ಬೇರೆಯವರನ್ನೂ ಹುಡುಕಬಹುದು.

ಮಾತ್ರೆಯ ವಿಷಯದಲ್ಲಿ ತಪ್ಪುವುದೇ ಹೆಚ್ಚು. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಖಿನ್ನತೆ, ಆತಂಕಕ್ಕೆ ಸಾಮಾನ್ಯವಾಗಿ ಕೊಡುವಂಥವು. ಅವುಗಳ ಗುಣ ಕಾಣಲು 2ರಿಂದ 6 ವಾರ ಬೇಕು. ಹೊಟ್ಟೆ ತೊಳಸು, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬರಬಹುದು. ಹೀಗಾಗಿ ಎಷ್ಟೋ ಜನ ಗುಣ ಕಾಣುವ ಮುಂಚೆಯೇ ಬಿಡುತ್ತಾರೆ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆ ಇದೆ. ಆ ಹೊತ್ತಿನಲ್ಲಿ ಮನೆಯವರೊಬ್ಬರಿಗೆ ಗೊತ್ತಿರಲಿ, ಹಾಗೇನಾದರೂ ಆದರೆ ಅಂದೇ ವೈದ್ಯರಿಗೆ ತಿಳಿಸಿ. ಇವು ಚಟ ಹಿಡಿಸುವ ಮಾತ್ರೆಗಳಲ್ಲ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ಶಾಕ್ ಹೊಡೆದಂಥ ಅನುಭವ ಆಗಬಹುದು. ಗಾಬರಿ ತಕ್ಷಣ ಇಳಿಸುವ ಬೆಂಜೊಡಯಾಜಿಪೈನ್ ಮಾತ್ರೆಗಳ ಕಥೆ ಬೇರೆ: ಅವು ಅಭ್ಯಾಸ ಹಿಡಿಸುತ್ತವೆ, ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನು ಮಂಕುಮಾಡುತ್ತವೆ. ಪರೀಕ್ಷೆಯ ಬೆಳಗ್ಗೆ ಸ್ನೇಹಿತರಿಗೆ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗುವುದು ಎಲ್ಲ ಬಗೆಯಲ್ಲೂ ನಷ್ಟ.

ಪರೀಕ್ಷೆ ಮುಗಿದ ಮೇಲೆ

ಮುಗಿದ ಮರುದಿನ ಹಗುರವಾಗುವ ಬದಲು ಇನ್ನಷ್ಟು ಕುಗ್ಗುವವರು ಕಡಿಮೆಯೇನಿಲ್ಲ. ದಿನಕ್ಕೊಂದು ಆಕಾರ ಕೊಡುತ್ತಿದ್ದ ವೇಳಾಪಟ್ಟಿ ಒಮ್ಮೆಲೇ ಇಲ್ಲವಾಗಿರುತ್ತದೆ. ಏಳುವ ಹೊತ್ತು ಮತ್ತು ನಡಿಗೆಯನ್ನು ಹಾಗೇ ಉಳಿಸಿಕೊಳ್ಳಿ, ಉಳಿದದ್ದು ಸಡಿಲವಾಗಲಿ. ಫಲಿತಾಂಶದ ದಿನ ಯಾರ ಜೊತೆ ಇರುತ್ತೀರಿ ಎಂದು ಮುಂಚೆಯೇ ಗೊತ್ತುಮಾಡಿ. ಒಬ್ಬರೇ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಬೇಡಿ, ಬಂದ ಮೇಲೆ ಮೊದಲ ದಿನ ಮುಂದಿನ ಓದಿನ ಬಗ್ಗೆ ಯಾವ ತೀರ್ಮಾನಕ್ಕೂ ಹೋಗಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಜೆ ಬಂತು, ಈಗ ಚೆನ್ನಾಗಿದ್ದೇನೆ ಎಂದು ನಿಲ್ಲಿಸಬೇಡಿ. ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರ ಲೆಕ್ಕದಂತೆ ಇಳಿಸುತ್ತಾರೆ. ಈ ಸಲ ಮೊದಲು ಕೆಟ್ಟದ್ದು ಏನು, ನಿದ್ದೆಯೋ, ಸ್ನೇಹಿತರ ಕರೆಗೆ ಉತ್ತರಿಸುವುದೋ, ಸ್ನಾನವೋ, ಅದನ್ನು ಒಂದು ಚೀಟಿಯಲ್ಲಿ ಬರೆದು ಒಂದು ಪ್ರತಿಯನ್ನು ನಂಬಿಕೆಯವರ ಕೈಯಲ್ಲಿಡಿ. ಮುಂದಿನ ಸೆಮಿಸ್ಟರ್‌ನಲ್ಲಿ ಅದು ಮರಳಿದರೆ ನಿಮಗಿಂತ ಮೊದಲು ಗಮನಿಸುವವರು ಅವರೇ.